ರಜೆಯ ಪ್ರವಾಸವೂ ದೇಶಾವಕಾಶಿಕ ವ್ರತವೂ

ಹೊಸ ವರ್ಷದ ದಿನದರ್ಶಿಕೆ ಮನೆಗೆ ಬಂದೊಡನೆ ಇಂದಿನ ಶ್ರಾವಕ ಕುಟುಂಬಗಳಲ್ಲಿ ಎರಡು ಬಗೆಯ ಹುಡುಕಾಟ ನಡೆಯುವುದುಂಟು. ಹಿರಿಯರ ಬೆರಳು ಅಷ್ಟಮಿ, ಚತುರ್ದಶಿಗಳ ಮೇಲೆ, ಅಷ್ಟಾಹ್ನಿಕದ ಎಂಟು ದಿನಗಳ ಮೇಲೆ, ದಶಲಕ್ಷಣ ಪರ್ವದ ಆರಂಭದ ಮೇಲೆ ಸರಿಯುತ್ತದೆ. ಕಿರಿಯರ ಬೆರಳು ಶನಿವಾರ, ಭಾನುವಾರಗಳಿಗೆ ಹೊಂದಿಕೊಂಡು ಬಂದಿರುವ ಸರಕಾರಿ ರಜೆಗಳನ್ನು ಅರಸುತ್ತದೆ. ಮೂರು ದಿನ ಒಟ್ಟಿಗೆ ದೊರೆತರೆ ಹಂಪಿ, ನಾಲ್ಕು ದಿನವಾದರೆ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳೂ ಸೇರಿ, ಎಂದು ಲೆಕ್ಕ ಸಿದ್ಧವಾಗುತ್ತದೆ. ಮೇಲ್ನೋಟಕ್ಕೆ ಇದರಲ್ಲಿ ಆಕ್ಷೇಪಿಸತಕ್ಕದ್ದೇನೂ ಕಾಣದು. ಅಲ್ಲಿ ಜೂಜಿಲ್ಲ, ಮದ್ಯವಿಲ್ಲ. ಮಕ್ಕಳಿಗೆ ಚರಿತ್ರೆಯ ಪರಿಚಯವಾಗುತ್ತದೆ, ದಿನವಿಡೀ ಕಚೇರಿಯಲ್ಲಿ ದುಡಿಯುವವರಿಗೆ ವಿಶ್ರಾಂತಿ ದೊರೆಯುತ್ತದೆ. ಆದುದರಿಂದಲೇ ಪ್ರವಾಸವೆಂಬುದು ಆಚಾರವಿಚಾರದ ಪರಿಧಿಯ ಹೊರಗಿನ ಸಂಗತಿ, ವ್ರತನಿಯಮಗಳು ಮನೆಯಲ್ಲಿಯೂ ಬಸದಿಯಲ್ಲಿಯೂ ಪಾಲಿಸತಕ್ಕವು, ರಜೆಯ ದಿನ ಅವುಗಳಿಗೂ ರಜೆ ಎಂಬ ಭಾವನೆ ಸದ್ದಿಲ್ಲದೆ ಬೇರೂರಿದೆ. ಈ ಭಾವನೆ ಶ್ರಾವಕಾಚಾರಕ್ಕೆ ಒಪ್ಪುವುದೇ ಎಂಬುದು ವಿಚಾರಾರ್ಹ.

ಈ ಪ್ರಶ್ನೆಯನ್ನು ಸಮಾಜದ ಮುಂದೆ ನೇರವಾಗಿ ತಂದು ನಿಲ್ಲಿಸಿದ್ದು ಸಮ್ಮೇದ ಶಿಖರ. ಇಪ್ಪತ್ತು ತೀರ್ಥಂಕರರ ನಿರ್ವಾಣಭೂಮಿಯಾದ ಆ ಬೆಟ್ಟ ಜಾರ್ಖಂಡದ ಗಿರಿಡೀಹ ಜಿಲ್ಲೆಯಲ್ಲಿದೆ. ಅಲ್ಲಿನ ಅಭಯಾರಣ್ಯದ ಸುತ್ತಲಿನ ಪ್ರದೇಶವನ್ನು ಕೇಂದ್ರ ಸರಕಾರವು 2019ರ ಆಗಸ್ಟ್ ತಿಂಗಳಲ್ಲಿ ಪರಿಸರ ಸೂಕ್ಷ್ಮ ವಲಯವೆಂದು ಘೋಷಿಸಿದಾಗ, ಆ ಅಧಿಸೂಚನೆಯಲ್ಲಿ ಪ್ರವಾಸೋದ್ಯಮಕ್ಕೂ ಎಡೆ ಮಾಡಿಕೊಡಲಾಗಿತ್ತು. ತೀರ್ಥವು ವಿಹಾರತಾಣವಾಗುವುದೆಂಬ ಆತಂಕದಿಂದ 2022ರ ಡಿಸೆಂಬರ್‌ನಲ್ಲಿ ದೇಶದ ಅನೇಕ ನಗರಗಳಲ್ಲಿ ಜೈನರು ಬೀದಿಗಿಳಿದರು. ಈ ಬೇಡಿಕೆಗಾಗಿ ಜಯಪುರದಲ್ಲಿ ಅನಶನ ಕೈಗೊಂಡಿದ್ದ ದಿಗಂಬರ ಮುನಿ ಸುಜ್ಞೇಯಸಾಗರ ಮಹಾರಾಜರು 2023ರ ಜನವರಿ 3ರಂದು ದೇಹತ್ಯಾಗ ಮಾಡಿದರು. ಎರಡು ದಿನಗಳ ಬಳಿಕ, ಜನವರಿ 5ರಂದು, ಅಲ್ಲಿನ ಪ್ರವಾಸೋದ್ಯಮ ಚಟುವಟಿಕೆಗಳಿಗೆ ಕೇಂದ್ರವು ತಡೆ ನೀಡಿತು.

ಆ ದಿನಗಳಲ್ಲಿ ಸಮಾಜವು ಬೇಡಿದ್ದಾದರೂ ಏನನ್ನು? ಬೆಟ್ಟಕ್ಕೆ ಅನ್ಯರು ಬರಬಾರದೆಂದಲ್ಲ. ಬಂದವರು ತಾವು ನಿಂತಿರುವ ನೆಲ ಯಾವುದೆಂಬುದನ್ನು ಅರಿತಿರಬೇಕು, ಅಲ್ಲಿ ಮದ್ಯಮಾಂಸಗಳೂ ಗದ್ದಲವೂ ಇರಬಾರದು, ಇಪ್ಪತ್ತೇಳು ಕಿಲೋಮೀಟರುಗಳ ವಂದನೆಯನ್ನು ಬರಿಗಾಲಿನಲ್ಲಿ ಪೂರೈಸುವ ವೃದ್ಧರ ಪಕ್ಕದಲ್ಲಿ ಯಾರೂ ಬುತ್ತಿ ಬಿಚ್ಚಿ ಆಟಕ್ಕೆ ಕೂರಬಾರದು ಎಂಬಷ್ಟೇ ಬೇಡಿಕೆ. ಇದು ನ್ಯಾಯವಾದ ಬೇಡಿಕೆ. ಅದೇ ಬೆಟ್ಟವು ಸಂತಾಲ ಜನರಿಗೆ ಮಾರಂಗ್ ಬುರು ಎಂಬ ದೈವಸ್ಥಾನವೂ ಹೌದೆಂಬುದು ಚಳವಳಿಯ ಬಿಸಿಯಲ್ಲಿ ಹಲವರಿಗೆ ನೆನಪಾಗಲಿಲ್ಲ ಎಂಬುದನ್ನೂ ಇಲ್ಲಿ ಹೇಳದಿರುವುದು ಸತ್ಯಕ್ಕೆ ಅಪಚಾರವಾದೀತು. ಅದು ಹಾಗಿರಲಿ. ಪರರಿಂದ ಇಷ್ಟನ್ನು ನಿರೀಕ್ಷಿಸಿದ ಸಮಾಜವು ತಾನೇ ಪ್ರವಾಸಿಯಾಗಿ ಪರರ ಊರಿಗೆ, ಪುರಾತನ ನಗರಕ್ಕೆ, ಅನ್ಯರ ಗುಡಿಗೆ ಹೋದಾಗ ಅಷ್ಟನ್ನು ತಾನು ಸಲ್ಲಿಸುತ್ತಿದೆಯೇ? ಶಿಖರದ ಬೇಡಿಕೆಗೆ ಸಹಿ ಹಾಕಿದ ಕೈಯೇ ಮುಂದಿನ ತಿಂಗಳ ರಜೆಯಲ್ಲಿ ವಿಠ್ಠಲ ದೇವಾಲಯದ ಸ್ವರದ ಕಂಬವನ್ನು ತಟ್ಟಿ ನೋಡುವುದಾದರೆ, ಆ ಸಹಿಗೆ ಬೆಲೆ ಎಷ್ಟು?

ಬೆಂಗಳೂರಿನಿಂದ ಹಂಪಿಗೆ ಹೊರಟ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ಮಗ, ಸೊಸೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ರಾತ್ರಿಭೋಜನ ತ್ಯಾಗದ ನಿಯಮವುಳ್ಳ ವೃದ್ಧ ತಾಯಿ. ದೂರ ಸುಮಾರು ಮುನ್ನೂರೈವತ್ತು ಕಿಲೋಮೀಟರು. ಮೂರು ದಿನಗಳ ರಜೆಯಲ್ಲಿ ಹೋಗಿಬರುವ ಹಾದಿಗೇ ಬಹುಪಾಲು ಕಳೆದು ಉಳಿಯುವುದು ಒಂದೂವರೆ ದಿನ. ಮಗನ ಕೈಯಲ್ಲಿರುವ ಪಟ್ಟಿಯಲ್ಲಿ ವಿರೂಪಾಕ್ಷ, ಹೇಮಕೂಟ, ಕಡಲೆಕಾಳು ಗಣಪ, ಸಾಸಿವೆಕಾಳು ಗಣಪ, ಉಗ್ರನರಸಿಂಹ, ಬಡವಿಲಿಂಗ, ಹಜಾರರಾಮ, ಮಹಾನವಮಿ ದಿಬ್ಬ, ಕಮಲ ಮಹಲು, ಆನೆಲಾಯ, ರಾಣಿಯ ಸ್ನಾನಗೃಹ, ವಿಠ್ಠಲ, ಆನೆಗೊಂದಿ, ಅಂಜನಾದ್ರಿ, ತುಂಗಭದ್ರಾ ಅಣೆಕಟ್ಟು, ಹೀಗೆ ಹದಿನೈದು ಹೆಸರುಗಳಿವೆ. ನಾಲ್ಕು ಸಾವಿರದ ನೂರು ಹೆಕ್ಟೇರಿಗೂ ಮಿಕ್ಕಿದ ಆ ವಿಶ್ವ ಪರಂಪರೆಯ ತಾಣದಲ್ಲಿ ಉಳಿದಿರುವ ಕಟ್ಟಡಗಳು 1,600ಕ್ಕೂ ಹೆಚ್ಚು. ಹದಿನೈದನ್ನೂ ನೋಡಿ ಮುಗಿಸಿದರೂ ನೂರರಲ್ಲಿ ಒಂದು ಪಾಲೂ ಆಗಲಿಲ್ಲ. ಆದರೆ 'ಹಂಪಿ ಆಯಿತು' ಎಂದು ಹೇಳುವ ಹಕ್ಕು ಮಾತ್ರ ಪೂರ್ಣವಾಗಿ ದೊರೆಯುತ್ತದೆ.

ಆ ಒಂದೂವರೆ ದಿನ ಹೇಗೆ ಕಳೆಯುತ್ತದೆಂಬುದನ್ನು ಬಲ್ಲವರು ಬಲ್ಲರು. ಎರಡನೆಯ ನಿಲುಗಡೆಯ ಬಳಿಕ ತಾಯಿ ವಾಹನದಲ್ಲಿಯೇ ಕುಳಿತಿರುತ್ತಾರೆ, ಇಳಿದು ಹತ್ತುವಷ್ಟರಲ್ಲಿ ಉಳಿದವರು ಹಿಂದಿರುಗಿ ಬಂದಿರುತ್ತಾರೆ. ಮನೆಯಲ್ಲಿ ಬಟ್ಟೆಯಲ್ಲಿ ಸೋಸಿ ತಂದ ನೀರು ಮೊದಲ ಮಧ್ಯಾಹ್ನಕ್ಕೇ ಮುಗಿಯುತ್ತದೆ. ಅಂಜನಾದ್ರಿಯಿಂದ ಇಳಿಯುವ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. "ಅಮ್ಮ, ಇದೊಂದು ದಿನ ಏನಾದರೂ ತೆಗೆದುಕೊಳ್ಳಿ" ಎನ್ನುತ್ತಾನೆ ಮಗ. ಅವನ ಕಳಕಳಿ ನಿಜವಾದದ್ದೇ. "ನನಗೆ ಹಸಿವಿಲ್ಲಪ್ಪ, ನೀವು ಮುಗಿಸಿ" ಎನ್ನುತ್ತಾರೆ ತಾಯಿ. ಅದು ನಿಜವಲ್ಲ. ಒಂದು ಪಟ್ಟಿಯನ್ನು ಪೂರೈಸುವ ಹಟದಲ್ಲಿ ಒಬ್ಬರ ಉಪವಾಸವೂ ಒಂದು ಅಸತ್ಯವೂ ಆ ಸಂಜೆ ಸಂಭವಿಸಿದವು. ಯಾರಿಗೂ ಕೇಡು ಬಯಸದ ಮನೆಯಲ್ಲಿ, ಎಲ್ಲರ ಸಂತೋಷಕ್ಕೆಂದೇ ಹೂಡಿದ ಪ್ರವಾಸದಲ್ಲಿ ಇದು ಹೇಗಾಯಿತು?

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸುವಾಗ ಪ್ರಮಾದಚರ್ಯೆಯನ್ನೂ ಎಣಿಸುತ್ತಾರೆ. ಪ್ರಯೋಜನವಿಲ್ಲದೆ ನೆಲ, ನೀರು, ಬೆಂಕಿ, ಗಾಳಿಗಳನ್ನು ಕೆದಕುವುದು, ಸಸ್ಯವನ್ನು ಕತ್ತರಿಸುವುದು ಮಾತ್ರವಲ್ಲದೆ, ವ್ಯರ್ಥವಾಗಿ ತಾನು ಅಲೆಯುವುದೂ ಪರರನ್ನು ಅಲೆಸುವುದೂ ಅದರಲ್ಲಿ ಸೇರುತ್ತವೆ. ಪರರನ್ನು ಅಲೆಸುವುದೆಂಬ ಮಾತಿನ ಮೇಲೆ ತುಸು ನಿಲ್ಲಬೇಕು. ಗ್ರಂಥದ ಕಾಲದಲ್ಲಿ ಬಾಡಿಗೆ ವಾಹನಗಳಿರಲಿಲ್ಲ, ಆದರೂ ಒಬ್ಬನ ಗುರಿಯಿಲ್ಲದ ತಿರುಗಾಟ ಅವನೊಬ್ಬನದೇ ಆಗಿ ಉಳಿಯುವುದಿಲ್ಲವೆಂಬ ಅರಿವು ಆಚಾರ್ಯರಿಗಿತ್ತು. ಅವನ ಹಿಂದೆ ಅವನ ಮನೆಯವರು, ಆಳುಕಾಳುಗಳು, ಎತ್ತುಕುದುರೆಗಳು ಅಲೆಯುತ್ತವೆ. ಇಂದು ಬೆಳಗಿನ ನಾಲ್ಕರಿಂದ ರಾತ್ರಿ ಹನ್ನೊಂದರವರೆಗೆ ವಾಹನ ನಡೆಸುವ ಚಾಲಕನು ಅಲೆಯುತ್ತಾನೆ. ಅವನು ನಿದ್ದೆಗೆಟ್ಟು ಹೆದ್ದಾರಿಯಲ್ಲಿ ಚಾಲನೆ ಮಾಡುವ ಅಪಾಯದಲ್ಲಿ ಎದುರಿನಿಂದ ಬರುವವರೂ ಪಾಲುದಾರರಾಗುತ್ತಾರೆ.

ಹಾಗೆಂದು ಪ್ರವಾಸವೇ ಅನರ್ಥದಂಡವೆಂದು ತೀರ್ಮಾನಿಸುವುದು ಅವಸರದ ಮಾತಾದೀತು. ಆ ಪದದಲ್ಲಿಯೇ ಇರುವಂತೆ ದೋಷವಿರುವುದು ಅರ್ಥವಿಲ್ಲದ, ಪ್ರಯೋಜನವಿಲ್ಲದ ಹಿಂಸೆಯಲ್ಲಿ. ಪ್ರಯೋಜನವೆಂದರೆ ಏನೆಂಬುದೇ ಇಲ್ಲಿನ ಕಗ್ಗಂಟು. ಕಣ್ಣಿಗೆ ಸಂತೋಷವಾಗುವುದು ಪ್ರಯೋಜನವಲ್ಲವೇ ಎಂದು ಕೇಳಬಹುದು. ಶ್ರಾವಕನಿಗೆ ಭೋಗೋಪಭೋಗಗಳು ಪೂರ್ಣ ನಿಷಿದ್ಧವಲ್ಲ, ಪರಿಮಾಣವನ್ನು ಹಾಕಿಕೊಳ್ಳಬೇಕೆಂದಷ್ಟೇ ಶಾಸ್ತ್ರ ಹೇಳುತ್ತದೆ. ಆದುದರಿಂದ ನೋಡುವ ಸುಖಕ್ಕೂ ಪರಿಮಾಣವುಂಟೇ ಎಂದು ಪ್ರಶ್ನೆಯನ್ನು ಬದಲಿಸಿಕೊಳ್ಳುವುದು ಹೆಚ್ಚು ಉಚಿತ.

ಉಂಟು ಎಂಬುದಕ್ಕೆ ದಿಗ್ವ್ರತ ಮತ್ತು ದೇಶಾವಕಾಶಿಕಗಳೇ ಸಾಕ್ಷಿ. ಜೀವನಪರ್ಯಂತ ಈ ನದಿಯಾಚೆ, ಈ ಬೆಟ್ಟದಾಚೆ ಹೋಗೆನೆಂದು ಹತ್ತೂ ದಿಕ್ಕುಗಳಿಗೆ ಎಲ್ಲೆ ಕಟ್ಟಿಕೊಳ್ಳುವುದು ದಿಗ್ವ್ರತ. ಆ ಎಲ್ಲೆಯೊಳಗೆ ಮತ್ತೂ ಕಿರಿದಾಗಿ, ಒಂದು ಗೊತ್ತಾದ ಅವಧಿಗೆ, ಈ ಮನೆ, ಈ ಬೀದಿ, ಈ ಊರು ಎಂದು ಮಿತಿ ಹಾಕಿಕೊಳ್ಳುವುದು ದೇಶಾವಕಾಶಿಕ. ಸ್ಥಳದ ಮಿತಿಯೊಡನೆ ಕಾಲದ ಮಿತಿಯೂ ಅದರಲ್ಲಿದೆ ಎಂಬುದು ಗಮನಾರ್ಹ. ದಿಗ್ವ್ರತದ ಅತಿಚಾರಗಳಲ್ಲಿ ಎರಡು ಇಂದಿನ ಪ್ರವಾಸಿಯನ್ನು ಕಂಡೇ ಹೇಳಿದಂತಿವೆ. ಒಂದು ಕ್ಷೇತ್ರವೃದ್ಧಿ, ಆಸೆಯಿಂದ ಎಲ್ಲೆಯನ್ನು ಹಿಗ್ಗಿಸಿಕೊಳ್ಳುವುದು. ಮತ್ತೊಂದು ಎಲ್ಲೆ ಎಲ್ಲಿತ್ತೆಂಬುದನ್ನೇ ಮರೆಯುವುದು. 'ಹೇಗೂ ಇಷ್ಟು ದೂರ ಬಂದದ್ದಾಯಿತು, ಅದನ್ನೂ ನೋಡಿಬಿಡೋಣ' ಎಂಬ ಮಾತು ಕೇಳದ ಪ್ರವಾಸವುಂಟೇ? ಕ್ಷೇತ್ರವೃದ್ಧಿಗೆ ಇದಕ್ಕಿಂತ ಅಚ್ಚಗನ್ನಡದ ವ್ಯಾಖ್ಯಾನ ಸಿಗಲಾರದು. ದೇಶಾವಕಾಶಿಕದ ಅತಿಚಾರಗಳಲ್ಲಿ ರೂಪಾಭಿವ್ಯಕ್ತಿ ಎಂಬುದೊಂದಿದೆ: ತಾನು ಎಲ್ಲೆ ದಾಟದಿದ್ದರೂ, ಹೊರಗಿನವರಿಗೆ ತನ್ನ ರೂಪವನ್ನು ತೋರಿಸಿ ಅವರ ಗಮನ ಸೆಳೆಯುವುದು. ಪ್ರತಿ ಕಂಬದ ಮುಂದೆಯೂ ಬೆನ್ನು ತಿರುಗಿಸಿ ನಿಂತು, ಕಂಬವನ್ನು ನೋಡದೆ ತನ್ನ ಚಿತ್ರವನ್ನು ತಾನೇ ತೆಗೆದು ಊರಿನವರಿಗೆಲ್ಲ ಕಳುಹಿಸುವ ಅಭ್ಯಾಸವನ್ನು ಕಂಡಾಗ ಆ ಪದ ನೆನಪಾಗದಿರದು.

ಇಲ್ಲಿ ಪೂರ್ವಪಕ್ಷವೊಂದನ್ನು ಆಲಿಸಬೇಕು. ದುಡಿಯುವವನಿಗೆ ದೊರೆಯುವುದೇ ಮೂರು ದಿನ. ತಿಂಗಳುಗಟ್ಟಲೆ ಒಂದೂರಿನಲ್ಲಿ ತಂಗಿ ಅಧ್ಯಯನ ಮಾಡಲು ಅವನೇನು ವಿದ್ವಾಂಸನೇ? ಅಲ್ಪಾವಧಿಯ ಭೇಟಿಯನ್ನು ಹಳಿಯುವುದೆಂದರೆ ಬಡವರೂ ಮಧ್ಯಮವರ್ಗದವರೂ ಮನೆಯಲ್ಲಿಯೇ ಇರಲಿ ಎಂದಂತಲ್ಲವೇ? ಈ ಮಾತಿನಲ್ಲಿ ತಥ್ಯವಿದೆ. ಆದರೆ ಅವಧಿಯ ಅಲ್ಪತೆಯನ್ನು ಜೈನ ಪರಂಪರೆ ಎಂದೂ ದೋಷವೆಂದು ಎಣಿಸಿಲ್ಲ. ಚಾತುರ್ಮಾಸ್ಯದ ಹೊರತು ಉಳಿದ ಕಾಲದಲ್ಲಿ ವಿಹರಿಸುವ ಮುನಿಗಳಿಗೆ ಗ್ರಾಮದಲ್ಲಿ ಒಂದು ರಾತ್ರಿ, ನಗರದಲ್ಲಿ ಐದು ದಿನ ಎಂಬ ವಾಸದ ಕ್ರಮವನ್ನು ಮೂಲಾಚಾರವು ಹೇಳುತ್ತದೆ. ಊರಿನ ಮೇಲೆ ಮಮತೆ ಬೆಳೆಯದಿರಲೆಂದೇ ಈ ಅಲ್ಪತೆ. ಐದು ದಿನ ತಂಗುವ ಮುನಿಯು ಐದು ದಿನಗಳಲ್ಲಿ ನಗರವನ್ನೆಲ್ಲ ಸುತ್ತಿ ಮುಗಿಸುವುದಿಲ್ಲ. ಕಾಲಿನ ಮುಂದಿನ ನಾಲ್ಕು ಮೊಳದ ನೆಲವನ್ನು ನೋಡಿ ನಡೆಯುವ ಈರ್ಯಾಸಮಿತಿಯವರಿಗೆ ಅದು ಸಾಧ್ಯವೂ ಅಲ್ಲ, ಬೇಕಾಗಿಯೂ ಇಲ್ಲ. ಗೃಹಸ್ಥನಿಗೆ ಅಷ್ಟು ಕಟ್ಟುನಿಟ್ಟನ್ನು ವಿಧಿಸಬೇಕಾಗಿಲ್ಲ. ರಜೆ ಮೂರೇ ದಿನದ್ದಾದುದು ಅವನ ತಪ್ಪೂ ಅಲ್ಲ. ಮೂರು ದಿನಕ್ಕೆ ಮೂವತ್ತು ದಿನದ ಹಸಿವನ್ನು ಕಟ್ಟಿಕೊಂಡು ಹೊರಡುವುದು ಮಾತ್ರ ಅವನದೇ ಆಯ್ಕೆ. ಕಂಡದ್ದನ್ನೆಲ್ಲ 'ನೋಡಿಯಾಯಿತು' ಎಂಬ ಗಂಟಿಗೆ ಸೇರಿಸುವ ಈ ಹಸಿವು ಪರಿಗ್ರಹವೇ ಸರಿ, ಅದಕ್ಕೆ ತೂಕವಿಲ್ಲದ ಕಾರಣ ಯಾರ ಪರಿಗ್ರಹ ಪರಿಮಾಣದ ಲೆಕ್ಕಕ್ಕೂ ಅದು ಬಂದಿಲ್ಲ.

ಅವಸರದಿಂದ ಸತ್ಯಕ್ಕೆ ಒದಗುವ ಹಾನಿಯನ್ನು ಹೇಮಕೂಟದಲ್ಲಿ ಕಾಣಬಹುದು. ವಿರೂಪಾಕ್ಷ ದೇವಾಲಯದ ಪಕ್ಕದ ಆ ಬಂಡೆಗುಡ್ಡದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರಿದ ಶಿಖರಗಳುಳ್ಳ ಹಳೆಯ ಗುಡಿಗಳಿವೆ. ಇವು ಜೈನ ಬಸದಿಗಳೆಂದು ಹೇಳುವವರು ಬಹಳ ಮಂದಿ, ಕೇಳಿ ಹಿಗ್ಗುವ ಶ್ರಾವಕರೂ ಬಹಳ ಮಂದಿ. ಆ ಶಿಖರದ ಮಾದರಿ ಬಸದಿಗಳಲ್ಲಿಯೂ ಇರುವುದರಿಂದ ಹುಟ್ಟಿದ ಭ್ರಮೆ ಇದು. ಅಲ್ಲಿನ ತ್ರಿಕೂಟಗಳಲ್ಲೊಂದರ ಶಾಸನವು ಮುಮ್ಮಡಿ ಸಿಂಗೆಯ ನಾಯಕನ ಮಗ ವೀರ ಕಂಪಿಲದೇವನು ಅಲ್ಲಿ ಶಿವಾಲಯವನ್ನು ಕಟ್ಟಿಸಿ ಲಿಂಗಗಳನ್ನು ಸ್ಥಾಪಿಸಿದನೆಂದು ಹೇಳುತ್ತದೆ. ಅನ್ಯರದನ್ನು ತನ್ನದೆಂದುಕೊಳ್ಳುವುದು ಅಜ್ಞಾನದಿಂದಾದರೂ ಅಚೌರ್ಯವ್ರತಿಗೆ ಭೂಷಣವಲ್ಲ. ಹತ್ತು ನಿಮಿಷದಲ್ಲಿ ಚಿತ್ರ ತೆಗೆದುಕೊಂಡು ಇಳಿಯುವವನಿಗೆ ಅದನ್ನು ಪರಿಶೀಲಿಸುವ ವ್ಯವಧಾನವಾದರೂ ಎಲ್ಲಿಯದು?

ವಿಪರ್ಯಾಸವೆಂದರೆ ನಿಜವಾಗಿ ಜಿನಾಲಯವಾಗಿದ್ದುದರ ಮುಂದೆ ವಾಹನ ನಿಲ್ಲುವುದೇ ಇಲ್ಲ. ಕಮಲಾಪುರದ ಸಮೀಪ, ಕಂಪ್ಲಿಯ ರಸ್ತೆಯ ಬದಿಯಲ್ಲಿ ಗಾಣಗಿತ್ತಿ ದೇವಾಲಯವೆಂದು ಕರೆಯಲ್ಪಡುವ ಬಸದಿಯೊಂದಿದೆ. ಎರಡನೆಯ ಹರಿಹರನ ದಂಡನಾಯಕನಾದ ಇರುಗಪ್ಪನು 1385ರಲ್ಲಿ ಕುಂಥುನಾಥ ತೀರ್ಥಂಕರರಿಗಾಗಿ ಅದನ್ನು ಕಟ್ಟಿಸಿದನೆಂದು ಮುಂದಿನ ದೀಪಸ್ತಂಭದ ಸಂಸ್ಕೃತ ಶಾಸನ ತಿಳಿಸುತ್ತದೆ. ಈ ಇರುಗಪ್ಪನು ಖಡ್ಗ ಹಿಡಿದಂತೆ ಲೇಖನಿಯನ್ನೂ ಹಿಡಿದವನು, 'ನಾನಾರ್ಥರತ್ನಮಾಲಾ' ಎಂಬ ನಿಘಂಟಿನ ಕರ್ತೃ. ಪಾನ್ ಸುಪಾರಿ ಬಜಾರಿನ ಬಳಿ ಎರಡನೆಯ ದೇವರಾಯನು 1426ರಲ್ಲಿ ಪಾರ್ಶ್ವನಾಥರಿಗೆ ಕಟ್ಟಿಸಿದ ಶಿಲಾ ಚೈತ್ಯಾಲಯವೂ ಹಂಪಿಯಲ್ಲಿಯೇ ಇದೆ. ಮಗನ ಪಟ್ಟಿಯ ಹದಿನೈದು ಹೆಸರುಗಳಲ್ಲಿ ಇವೆರಡೂ ಇರಲಿಲ್ಲ. ಹಳೆಯಬೀಡಿನಲ್ಲಿಯೂ ಇದೇ ಕಥೆ. ಹೊಯ್ಸಳೇಶ್ವರದ ಮುಂದೆ ಇಳಿದವರು ಅಲ್ಲಿಂದ ಕೂಗಳತೆಯ ದೂರದ ಬಸ್ತಿಹಳ್ಳಿಗೆ, 1133ರ ಪಾರ್ಶ್ವನಾಥ ಬಸದಿಗೆ, ಹೊತ್ತಿಲ್ಲವೆಂದು ಹೋಗುವುದಿಲ್ಲ.

ಕಲ್ಲಿಗೆ ಆಗುವ ಹಾನಿಯ ವಿಷಯ ಎಲ್ಲರಿಗೂ ತಿಳಿದದ್ದೇ. 2019ರ ಫೆಬ್ರವರಿಯಲ್ಲಿ ಹಂಪಿಯ ಕಂಬಗಳನ್ನು ಉರುಳಿಸಿದ ನಾಲ್ವರು ಯುವಕರಿಗೆ ನ್ಯಾಯಾಲಯವು ತಲಾ 70,000 ರೂಪಾಯಿಗಳ ದಂಡ ವಿಧಿಸಿದ್ದಲ್ಲದೆ, ಬಿದ್ದ ಕಂಬಗಳನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸಿತು. ಪ್ರಾಯಶ್ಚಿತ್ತವೆಂದರೇನು ಎಂದು ಮಕ್ಕಳಿಗೆ ವಿವರಿಸಬೇಕಾದಾಗ ಇದಕ್ಕಿಂತ ಸುಲಭವಾದ ಉದಾಹರಣೆ ಬೇಕಿಲ್ಲ. ಆದರೆ ಕಂಬ ಉರುಳಿಸುವವರು ವಿರಳ, ತಟ್ಟುವವರು ಅಸಂಖ್ಯ. ಕಲ್ಲಿನಲ್ಲಿ ಜೀವವುಂಟೇ ಎಂಬ ಶಾಸ್ತ್ರಚರ್ಚೆಯನ್ನು ಇಲ್ಲಿ ತರಬೇಕಾಗಿಲ್ಲ. ತಾನೊಬ್ಬ ಮೆಲ್ಲನೆ ತಟ್ಟಿದರೆ ಏನಾದೀತು ಎಂದುಕೊಳ್ಳುವ ಪ್ರತಿಯೊಬ್ಬನ ಹಿಂದೆಯೂ ಅದನ್ನೇ ಅಂದುಕೊಂಡ ಸಾಲು ನಿಂತಿದೆ ಎಂಬುದನ್ನು ನೆನೆದರೆ ಸಾಕು.

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಶತಮಾನಗಳ ಯಾತ್ರಿಕರು ತಮ್ಮ ಹೆಸರುಗಳನ್ನು ಕೆತ್ತಿಸಿ ಹೋಗಿದ್ದಾರಲ್ಲ, ಮಹಾಕವಿ ರನ್ನನದೆಂದು ವಿದ್ವಾಂಸರು ಗುರುತಿಸುವ 'ಕವಿರತ್ನ' ಎಂಬ ಬರಹವೂ ಅಲ್ಲಿದೆಯಲ್ಲ, ಹಾಗಾದರೆ ಇಂದಿನ ಹುಡುಗನು ಮೊಳೆಯಿಂದ ಗೀಚಿದ್ದೇ ಅಪರಾಧವೇ ಎಂದು ಬುದ್ಧಿವಂತರು ಕೆಣಕುವುದುಂಟು. ಕೆಣಕಿಗೆ ಅರ್ಧ ಬಲವಿದೆ. ಹೆಸರು ಉಳಿಯಲೆಂಬ ಆಸೆ ರನ್ನನಿಗೂ ಇದ್ದಿರಬಹುದು. ಆಸೆಯೆಂಬುದು ಪುರಾತನವಾದ ಮಾತ್ರಕ್ಕೆ ನಿರ್ಮಲವಾಗದು. ಆದರೆ ಆ ಯಾತ್ರಿಕರು ಬೆಟ್ಟಕ್ಕೆ ಬಂದದ್ದು ತಿಂಗಳುಗಟ್ಟಲೆ ನಡೆದು, ಹಿಂದಿರುಗುವ ಭರವಸೆಯಿಲ್ಲದೆ. ಅವರು ಬಂಡೆಗೆ ಹೆಸರು ಕೊಟ್ಟರೆ, ಇವನು ಅನ್ಯರು ಕೊರೆದ ಶಿಲ್ಪದ ಎದೆಯ ಮೇಲೆಯೇ ತನ್ನದನ್ನು ಬರೆಯುತ್ತಾನೆ. ವ್ಯತ್ಯಾಸ ಇಷ್ಟಿದೆ, ಇದಕ್ಕಿಂತ ಹೆಚ್ಚಿದೆ ಎಂದು ಹೇಳಹೊರಟರೆ ಅದು ಪಕ್ಷಪಾತವಾದೀತು.

ಪ್ರವಾಸಿಗಳಿಂದ ಊರಿನವರಿಗೆ ಜೀವನೋಪಾಯವಾಗುತ್ತದೆಯಲ್ಲ ಎಂಬುದು ಇನ್ನೊಂದು ವಾದ. ಹೌದು, ಹರಿಗೋಲು ನಡೆಸುವವನು, ಎಳನೀರು ಮಾರುವವಳು, ಸ್ಥಳ ತೋರಿಸುವವನು, ಎಲ್ಲರೂ ರಜೆಯ ದಿನಗಳನ್ನೇ ನಂಬಿದ್ದಾರೆ. ಜೀವಗಳು ಪರಸ್ಪರ ಉಪಕಾರದಿಂದ ಬದುಕುತ್ತವೆಂಬುದು ಜೈನರಿಗೆ ಹೊಸ ಮಾತಲ್ಲ. ಆದರೆ ಪುರಾತನ ನಗರವೆಂಬುದು ಬರಿಯ ಕಲ್ಲಿನ ರಾಶಿಯಲ್ಲ, ಅಲ್ಲಿ ಮನೆಗಳಿದ್ದವು, ಇವೆ. ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ಬಹುಕಾಲದಿಂದ ನೆಲೆಸಿ ಅಂಗಡಿ ನಡೆಸುತ್ತಿದ್ದ ಕುಟುಂಬಗಳನ್ನು 2011ರ ಜುಲೈಯಲ್ಲಿ ತೆರವುಗೊಳಿಸಲಾಯಿತು. ಮುಂದೆ ಅವರಿಗೆ ಕಡ್ಡಿರಾಂಪುರದ ಬಳಿ ನೆಲೆ ಗೊತ್ತುಮಾಡಲಾಯಿತು. ಸ್ಮಾರಕದ ರಕ್ಷಣೆಗೆ ಅದು ಅಗತ್ಯವೆಂದವರೂ ಅನ್ಯಾಯವೆಂದವರೂ ಇದ್ದಾರೆ, ಆ ವಿವಾದವನ್ನು ಇಲ್ಲಿ ಬಗೆಹರಿಸುವಂತಿಲ್ಲ. ಖಾಲಿಯಾದ ಆ ಬೀದಿಯಲ್ಲಿ ನಿಂತು 'ಎಷ್ಟು ಶಾಂತವಾಗಿದೆ' ಎನ್ನುವವನಿಗೆ ಆ ಶಾಂತಿಯ ಬೆಲೆ ತೆತ್ತವರು ಯಾರೆಂಬುದು ತಿಳಿದಿರಲಿ. ಉಪಕಾರವೆಂಬುದು ಅವರ ಕೈಗೆ ಮುಟ್ಟಬೇಕಾದರೆ ಬುತ್ತಿ, ನೀರು, ವಾಹನ, ಮಾರ್ಗದರ್ಶಿ ಎಲ್ಲವನ್ನೂ ದೂರದ ನಗರದಿಂದಲೇ ತಂದು, ಊರಿಗೆ ಕಸವನ್ನು ಮಾತ್ರ ಬಿಟ್ಟು ಹೊರಡುವ ಪದ್ಧತಿ ನಿಲ್ಲಬೇಕು. ಆಹಾರನಿಯಮದ ಕಾರಣ ಬುತ್ತಿ ಕೊಂಡೊಯ್ಯುವುದು ಶ್ರಾವಕರಿಗೆ ಅನಿವಾರ್ಯ, ಉಳಿದವು ಅನಿವಾರ್ಯವಲ್ಲ.

ಈ ವಿಚಾರ ಕುಟುಂಬಗಳಷ್ಟೇ ಬಸದಿಗಳ ಆಡಳಿತ ಮಂಡಳಿಗಳಿಗೂ ಸಂಬಂಧಿಸಿದ್ದು. ಮೂಡುಬಿದಿರೆಯಲ್ಲಿ ಹದಿನೆಂಟು ಬಸದಿಗಳಿವೆ. ಪ್ರವಾಸಿ ಬಸ್ಸುಗಳು ನಿಲ್ಲುವುದು 1430ರಲ್ಲಿ ನಿರ್ಮಾಣವಾದ ಸಾವಿರ ಕಂಬದ ಬಸದಿಯೊಂದರ ಮುಂದೆ. ಬೆಳಗ್ಗೆ ಬಾಗಿಲು ತೆರೆದು, ಅಭಿಷೇಕ ಮುಗಿಸಿ, ಬರುವವರಿಲ್ಲದೆ ಬಾಗಿಲು ಮುಚ್ಚುವ ಇಂದ್ರರು ಅದೇ ಊರಿನ ಇತರ ಬಸದಿಗಳಲ್ಲಿದ್ದಾರೆ. ಒಂದೆಡೆ ನೂಕುನುಗ್ಗಲು, ಇನ್ನೊಂದೆಡೆ ನಿರ್ಜನತೆ. ಎರಡೂ ಒಂದೇ ಅವಸರದ ಮಕ್ಕಳು. ಬಂದವರ ಸಂಖ್ಯೆಯನ್ನೇ ಕ್ಷೇತ್ರದ ಏಳಿಗೆಯೆಂದು ವಾರ್ಷಿಕ ವರದಿಯಲ್ಲಿ ಬರೆಯುವ ಮಂಡಳಿಗಳು ಶಿಖರ್ಜಿಗಾಗಿ ಎತ್ತಿದ ಧ್ವನಿಯನ್ನು ತಮ್ಮ ಅಂಗಳದಲ್ಲಿಯೂ ಕೇಳಿಸಿಕೊಳ್ಳಬೇಕಾಗಿದೆ. ಪೂಜೆಯ ಹೊತ್ತಿನಲ್ಲಿ ಛಾಯಾಚಿತ್ರಕ್ಕೆ ತಡೆ, ಯಾತ್ರಿನಿವಾಸದಲ್ಲಿ ರಾತ್ರಿ ತಂಗಿ ಪ್ರಾತಃಕಾಲದ ಅಭಿಷೇಕಕ್ಕೆ ಕಾಯುವವರಿಗೆ ಆದ್ಯತೆ, ಊರಿನ ಎಲ್ಲ ಬಸದಿಗಳ ಹೆಸರೂ ದಾರಿಯೂ ಇರುವ ಒಂದು ಫಲಕ, ಇಷ್ಟಕ್ಕೆ ಹೆಚ್ಚಿನ ಹಣ ಬೇಡ. ಹಣ ಬೇಕಾದಲ್ಲಿ ಹಿಂದಿನವರು ದಾರಿ ತೋರಿದ್ದಾರೆ. 1368ರಲ್ಲಿ ಬುಕ್ಕರಾಯನು ಜೈನರಿಗೂ ಶ್ರೀವೈಷ್ಣವರಿಗೂ ಸಂಧಾನ ಮಾಡಿಸಿದ ಪ್ರಸಿದ್ಧ ಶಾಸನದಲ್ಲಿ ಜೈನರು ವರ್ಷಕ್ಕೆ ಮನೆಗೊಂದು ಹಣ ಕೊಡಬೇಕು, ಅದರಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಿ, ಮಿಕ್ಕುದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು ಎಂಬ ಏರ್ಪಾಡಿದೆ. ಆ ಕಾವಲಿನ ಹೊಣೆ ಹೊತ್ತವನು ತಿರುಮಲೆಯ ಶ್ರೀವೈಷ್ಣವ ತಾತಯ್ಯ. ಅನ್ಯರ ದೇವರನ್ನು ಕಾಯುವ ಹೊಣೆಯನ್ನು ಒಬ್ಬನು ಹೊತ್ತುಕೊಂಡ ನಾಡು ಇದು.

ಎಲ್ಲ ದೋಷವನ್ನೂ ಇಂದಿನ ರಜೆಯ ಪ್ರವಾಸಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಮೂಡುಬಿದಿರೆಯಲ್ಲಿಯೇ ಧವಳಾದಿ ಸಿದ್ಧಾಂತ ಗ್ರಂಥಗಳ ತಾಳೆಯೋಲೆಗಳನ್ನು ಶತಮಾನಗಳ ಕಾಲ ಭಕ್ತರು ದರ್ಶನ ಮಾಡಿ, ಕೈಮುಗಿದು, ಹಿಂದಿರುಗುತ್ತಿದ್ದರು. ಓದಿದವರು ಎಷ್ಟು ಮಂದಿ? ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆ ಓಲೆಗಳಿಂದ ಪ್ರತಿ ಮಾಡುವ ಕೆಲಸ ಆರಂಭವಾಗಿ, ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಳೆಯ ಮೊದಲ ಸಂಪುಟ ಅಚ್ಚಾಗಿ ಹೊರಬರುವಾಗ 1939 ಬಂದಿತ್ತು. ನಡೆದು ಬಂದವರೂ, ಭಕ್ತಿಯಿಂದ ಬಂದವರೂ, ಕಣ್ಣಿಗೆ ಒತ್ತಿಕೊಂಡದ್ದನ್ನು ತೆರೆದು ನೋಡದೆ ಹೋದದ್ದುಂಟು. ನೋಡಿಯೂ ನೋಡದಿರುವುದು ವಾಹನದೊಡನೆ ಹುಟ್ಟಿದ ರೋಗವಲ್ಲ. ವಾಹನ ಅದಕ್ಕೆ ವೇಗ ಕೊಟ್ಟಿತು.

ಅದೇ ಕುಟುಂಬ ಮತ್ತೊಂದು ವರ್ಷ, ಮತ್ತೆ ಮೂರು ದಿನಗಳ ರಜೆಯಲ್ಲಿ ಹಂಪಿಗೆ ಹೊರಡುತ್ತದೆಂದು ಭಾವಿಸಬಹುದು. ಹೊರಡುವ ಮುನ್ನ ಎಲ್ಲೆ ನಿಶ್ಚಯವಾಗಿದೆ: ಈ ಬಾರಿ ಹೊಳೆ ದಾಟುವುದಿಲ್ಲ, ಮೂರೇ ಸ್ಥಳ, ಹೊತ್ತು ಮುಳುಗುವ ಮುನ್ನ ತಂಗುವಲ್ಲಿಗೆ. ಮಕ್ಕಳು ಮೊದಲು ಕಮಲಾಪುರದ ವಸ್ತುಸಂಗ್ರಹಾಲಯದ ಅಂಗಳದಲ್ಲಿರುವ ಹಂಪಿಯ ಮಾದರಿಯನ್ನು ನೋಡಿ, ತಾವು ಎಷ್ಟನ್ನು ನೋಡುವುದಿಲ್ಲ ಎಂಬುದನ್ನು ಬೆರಳಿಟ್ಟು ತೋರಿಸಿಕೊಳ್ಳುತ್ತಾರೆ. ದೊಡ್ಡ ಹುಡುಗಿಗೆ ಸಿಟ್ಟು ಬಂದಿದೆ, ಅವಳ ಗೆಳತಿಯರೆಲ್ಲ ಅಂಜನಾದ್ರಿ ಹತ್ತಿದ್ದಾರೆ. ಆ ಸಿಟ್ಟೂ ಪ್ರವಾಸದ ಖರ್ಚಿನಲ್ಲಿ ಸೇರಿದ್ದೇ. ಮಿತಿ ಹಾಕಿಕೊಂಡವರಿಗೆ ಏನೂ ಕಳೆದುಹೋಗುವುದಿಲ್ಲವೆಂದು ಯಾವ ಆಚಾರ್ಯರೂ ಹೇಳಿಲ್ಲ.

ನಾಲ್ಕು ಗಂಟೆಯ ಹೊತ್ತಿಗೆ ಅವರು ಗಾಣಗಿತ್ತಿ ಬಸದಿಯ ಮುಂದೆ ಇಳಿಯುತ್ತಾರೆ. ತಾಯಿ ದೀಪಸ್ತಂಭವನ್ನು ತಲೆಯೆತ್ತಿ ನೋಡಿ, ಒಳಗೆ ಹೋಗಿ, ಗರ್ಭಗೃಹದ ಕತ್ತಲೆಗೆ ಕಣ್ಣು ಹೊಂದುವವರೆಗೆ ನಿಲ್ಲುತ್ತಾರೆ.

"ಅಜ್ಜಿ, ಒಳಗೆ ಸ್ವಾಮಿಯೇ ಇಲ್ಲವಲ್ಲ" ಎನ್ನುತ್ತಾನೆ ಚಿಕ್ಕವನು.

"ಇದ್ದರಲ್ಲ, ಮಗು. ಆ ಜಾಗ ಇದೆ."

ಪೂಜೆ ನಿಂತುಹೋದ ಸ್ಮಾರಕದಲ್ಲಿ ಪೂಜೆ ಸಲ್ಲದು, ಮೌನವಾಗಿ ಕೂರಲು ಯಾರ ಅಡ್ಡಿಯೂ ಇಲ್ಲ. ತಾಯಿ ಮಂಟಪದ ಅಂಚಿನಲ್ಲಿ ನೆಲವನ್ನು ಸೆರಗಿನ ತುದಿಯಿಂದ ಮೆಲ್ಲನೆ ಸವರಿ, ಇರುವೆಗಳಿಲ್ಲವೆಂದು ನೋಡಿಕೊಂಡು, ಸಾಮಾಯಿಕಕ್ಕೆ ಕುಳಿತುಕೊಳ್ಳುತ್ತಾರೆ. ಒಂದು ಮುಹೂರ್ತ, ನಲವತ್ತೆಂಟು ನಿಮಿಷ. ಹಿಂದಿನ ಸಲ ಅಷ್ಟೇ ಹೊತ್ತಿನಲ್ಲಿ ಎರಡು ಗಣಪ, ಉಗ್ರನರಸಿಂಹ, ಬಡವಿಲಿಂಗ ಮುಗಿದಿದ್ದವು. ಸೊಸೆ ಪಕ್ಕದಲ್ಲಿ ಕೂರುತ್ತಾಳೆ. ಮಗನು ಸ್ವಲ್ಪ ಹೊತ್ತು ಅತ್ತಿತ್ತ ನಡೆದಾಡಿ, ಸ್ತಂಭದ ಅಕ್ಷರಗಳ ಮುಂದೆ ಬಂದು ನಿಲ್ಲುತ್ತಾನೆ. ಸಿಟ್ಟಾಗಿದ್ದ ಹುಡುಗಿ ಅದರಲ್ಲಿ ತನಗೆ ಓದಲಾಗುವ ಒಂದಾದರೂ ಅಕ್ಷರವುಂಟೇ ಎಂದು ಹುಡುಕುತ್ತಿದ್ದಾಳೆ.

ವಾಹನಕ್ಕೆ ಮರಳಿದಾಗ, ಬೇಗ ಹೊರಟರೆ ವಿಠ್ಠಲ ದೇವಾಲಯವನ್ನೂ ಒಂದು ಸುತ್ತು ನೋಡಿಬಿಡಬಹುದು, ಹೇಗೂ ಇಷ್ಟು ಹತ್ತಿರ ಬಂದಾಗಿದೆ, ಎನ್ನುತ್ತಾನೆ ಚಾಲಕ. ಮಗನು ತಾಯಿಯ ಮುಖವನ್ನೂ ಪಶ್ಚಿಮದ ಸೂರ್ಯನನ್ನೂ ನೋಡುತ್ತಾನೆ. ವಾಹನ ಹೊಸಪೇಟೆಯ ಕಡೆಗೆ ತಿರುಗುತ್ತದೆ.